ಐದು ಅರ್ಧ ದಿನವೋ, ಮೂರು ಪೂರ್ತಿ ದಿನವೋ? ಪಾರ್ಟ್ ಟೈಮ್‌ಗೆ ಹೋದವರು ಹೇಳಿ

ಬನಶಂಕರಿ ಅಕೌಂಟ್ಸ್

ನಮಸ್ಕಾರ. ಮಗಳು ಯುಕೆಜಿ. ಬೆಳಿಗ್ಗೆ 8.30ಕ್ಕೆ ಶಾಲೆ, 12.30ಕ್ಕೆ ಬಿಡ್ತಾರೆ. ಬರುವ ಜೂನ್‌ಗೆ ಒಂದನೇ ಕ್ಲಾಸು, ಆಗ 3.30ರವರೆಗೆ ಇರುತ್ತೆ. ಮನೆ ಬನಶಂಕರಿ, ಆಫೀಸು ಎಲೆಕ್ಟ್ರಾನಿಕ್ ಸಿಟಿ. ಅಕೌಂಟ್ಸ್‌ನಲ್ಲಿ ಇದ್ದೇನೆ, ಜಿಎಸ್‌ಟಿ ಮತ್ತು ಟಿಡಿಎಸ್ (ಹಣ ಕೊಡುವ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ನನ್ನ ಪಾಲಿನ ಕೆಲಸ. ಇಷ್ಟು ದಿನ ಅತ್ತೆ ನೋಡಿಕೊಳ್ಳುತ್ತಿದ್ದರು. ಈಗ ಅವರಿಗೆ ಮಂಡಿ ನೋವು ಜಾಸ್ತಿ. ಎರಡನೇ ಮಹಡಿಯಿಂದ ಇಳಿದು, ವ್ಯಾನ್ ಬರುವ ತನಕ ಗೇಟಿನ ಹತ್ತಿರ ನಿಂತು, ಮತ್ತೆ ಮಗುವಿನ ಬ್ಯಾಗು ಹೊತ್ತು ಹತ್ತುವುದು ಅವರ ಕೈಲಿ ಆಗಲ್ಲ. ಬಾಯಿ ಬಿಟ್ಟು ಹೇಳಲ್ಲ, ಆದರೆ ನೋಡಿದರೆ ಗೊತ್ತಾಗುತ್ತೆ.

ಕೆಲಸ ಬಿಡ್ತೀನಿ ಅಂದೆ. ಮ್ಯಾನೇಜರ್ ಬೇಡ, ಸಮಯ ಕಡಿಮೆ ಮಾಡೋಣ ಅಂದರು. ಮೂರು ದಾರಿ ಕೊಟ್ಟಿದ್ದಾರೆ. ಸೋಮವಾರದಿಂದ ಶುಕ್ರವಾರ 9.30ರಿಂದ 1.30, ಅರ್ಧ ಸಂಬಳ. ಇಲ್ಲಾಂದ್ರೆ ವಾರಕ್ಕೆ ಮೂರು ಪೂರ್ತಿ ದಿನ, 60% ಸಂಬಳ. ಅದೂ ಬೇಡ ಅಂದರೆ ಐದೂ ದಿನ ಮನೆಯಿಂದ, ದಿನಕ್ಕೆ ಐದು ಗಂಟೆ, ಅದಕ್ಕೂ 60%.

ಗಂಡ ಮಾನ್ಯತಾ ಟೆಕ್ ಪಾರ್ಕ್ ಕಡೆ ಕೆಲಸ, ಬುಧವಾರ ಮತ್ತು ಶುಕ್ರವಾರ ಮನೆಯಿಂದ ಮಾಡ್ತಾರೆ. ಮನೇಲಿ ಎಲ್ಲರೂ ಮೊದಲನೇದು ಒಳ್ಳೇದು ಅಂತಿದ್ದಾರೆ, ದಿನಾ ಮಧ್ಯಾಹ್ನ ಮನೆಗೆ ಬಂದುಬಿಡ್ತೀಯಲ್ಲ ಅಂತ. ನನಗೂ ಹಾಗೇ ಅನ್ನಿಸ್ತಿದೆ. ಅನುಭವ ಇದ್ದವರು ಹೇಳಿ.

ಸಿಲ್ಕ್ ಬೋರ್ಡ್ ಸಂತ್ರಸ್ತ

ಮೊದಲನೇದು ಬೇಡವೇ ಬೇಡ. 1.30ಕ್ಕೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಮುಚ್ಚಿದರೆ ಬನಶಂಕರಿ ಮನೆ ಬಾಗಿಲು ತಲುಪೋದು ಎಷ್ಟು ಹೊತ್ತಿಗೆ? 2025ರ ಆಗಸ್ಟ್‌ನಿಂದ ಹಳದಿ ಮೆಟ್ರೋ ಬಂದಿದೆ, ಸರಿ. ಬನಶಂಕರಿಯಿಂದ ಹಸಿರು ಲೈನಲ್ಲಿ ಒಂದೇ ಸ್ಟಾಪು, ಆರ್‌.ವಿ. ರೋಡಲ್ಲಿ ಬದಲಾಯಿಸಿಕೊಂಡರೆ ಸಿಲ್ಕ್ ಬೋರ್ಡ್ ಜಾಮಿನ ತಲೆ ಮೇಲೆ ಹೋಗಿಬಿಡಬಹುದು. ಆದರೂ ಈ ಕಡೆ ಆಟೋ, ಆ ಕಡೆ ಕಂಪನಿ ಬಸ್ಸೋ ನಡಿಗೆಯೋ ಸೇರಿಸಿದರೆ ಒಂದು ಗಂಟೆ ಮೇಲೆಯೇ. ನಾಲ್ಕು ಗಂಟೆ ಕೆಲಸಕ್ಕೆ ಎರಡು ಗಂಟೆ ದಾರಿ, ಅದೂ ಐದು ದಿನ. ಮಗು 12.30ಕ್ಕೆ ಬಂದಾಗ ನೀವು ಹೇಗೂ ಮನೇಲಿ ಇರಲ್ಲ. ಅಂದರೆ ಅತ್ತೆ ದಿನಾ ಇಳಿದು ಹತ್ತಲೇಬೇಕು. ಯಾವ ಕಷ್ಟಕ್ಕೆ ಕೆಲಸ ಕಡಿಮೆ ಮಾಡ್ತಿದ್ದೀರೋ ಆ ಕಷ್ಟ ಅಲ್ಲೇ ಉಳೀತಲ್ಲ?

ಇನ್ನೊಂದು ವಿಷಯ. 1.30ಕ್ಕೆ ನೀವು ಹೊರಟರೂ ಆಫೀಸು ನಿಲ್ಲಲ್ಲ. ಮೂರು ಗಂಟೆ ಮೀಟಿಂಗಿಗೆ ‘ಹಾಗೇ ಫೋನಲ್ಲಿ ಸೇರ್ಕೊಳ್ಳಿ, ಹತ್ತೇ ನಿಮಿಷ’ ಅಂತಾರೆ. ದಿನಾ ಅಂತಾರೆ.

ಬನಶಂಕರಿ ಅಕೌಂಟ್ಸ್

ಅಯ್ಯೋ, 12.30ರ ಲೆಕ್ಕ ಇಷ್ಟು ನೇರವಾಗಿ ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಹಾಗಾದರೆ ಮನೆಯಿಂದ ಐದು ಗಂಟೆ?

ರಾತ್ರಿಪಾಳಿ ಸಿಸ್ಟರ್

ನಾನು ನರ್ಸು, ನನಗೆ ಮನೆಯಿಂದ ಕೆಲಸ ಅನ್ನೋದೇ ಇಲ್ಲ. ಆದರೆ ‘ಮನೇಲೇ ಇದ್ದಾಳಲ್ಲ’ ಅನ್ನೋದು ಏನು ಮಾಡುತ್ತೆ ಅಂತ ಚೆನ್ನಾಗಿ ಗೊತ್ತು. ಮಗ ಚಿಕ್ಕವನಿದ್ದಾಗ ವಾರಕ್ಕೆ ಮೂರು ರಾತ್ರಿ ಪಾಳಿ ಮಾತ್ರ ತಗೊಂಡೆ. ಹಗಲೆಲ್ಲಾ ಮಗುವಿನ ಜೊತೆ, ರಾತ್ರಿ ಅವನು ನಿದ್ದೆಯಲ್ಲಿರುವಾಗ ಕೆಲಸ, ಯಾರಿಗೂ ಭಾರ ಇಲ್ಲ ಅಂತ ಎಲ್ಲರೂ ಮೆಚ್ಚಿದರು. ಬೆಳಿಗ್ಗೆ 8ಕ್ಕೆ ಪಾಳಿ ಮುಗಿಸಿ ಬಂದು ಮಲಗಿದರೆ ಅವನು ಮಂಚ ಹತ್ತಿ ನನ್ನ ರೆಪ್ಪೆ ಬೆರಳಲ್ಲಿ ಎತ್ತಿ ‘ಅಮ್ಮಾ, ಒಳಗೆ ಇದೀಯಾ?’ ಅಂತ ಕೇಳೋನು. ನಗು ಬರುತ್ತೆ, ಆಮೇಲೆ ತಲೆನೋವು ಬರುತ್ತೆ. ಸಂಬಳ ಇಲ್ಲದ ನಾಲ್ಕು ದಿನ ಪೂರ್ತಿ ನಿದ್ದೆ ತುಂಬಿಸೋದೇ ಆಯ್ತು. ಕೊನೆಗೆ ಬೆಳಿಗ್ಗೆ 8ರಿಂದ 2ರ ಪಾಳಿಯೇ ಬೇಕು ಅಂತ ಜಗಳ ಮಾಡಿ ತಗೊಂಡೆ.

ನಿಮ್ಮ ಮೂರನೇ ದಾರಿಗೂ ಹೀಗೇ ಆಗುತ್ತೆ. ಐದು ಗಂಟೆ ಯಾವಾಗ? ವ್ಯಾನ್ ಹತ್ತಿಸಿ 8.30ಕ್ಕೆ ಕೂತರೂ 12.30ಕ್ಕೆ ನಾಲ್ಕೇ ಗಂಟೆ. ಐದನೇ ಗಂಟೆ ರಾತ್ರಿ ಹತ್ತಕ್ಕೆ ಹೋಗುತ್ತೆ. ಬರೆದಿಟ್ಕೊಳ್ಳಿ.

ಮೈಸೂರು ಮಂಜಿ

ನಾನು ಎರಡು ವರ್ಷದಿಂದ ಮನೆಯಿಂದ ಐದು ಗಂಟೆಯ ಕೆಲಸ ಮಾಡ್ತಿದ್ದೇನೆ, ಚೆನ್ನಾಗೇ ನಡೀತಿದೆ. ಎಲ್ಲರೂ ಹೆದರಿಸಬೇಡಿ. ಆದರೆ ನನ್ನದು ಅನುವಾದದ ಕೆಲಸ, ಯಾರೂ ಫೋನ್ ಮಾಡಲ್ಲ, ಇಷ್ಟು ಪುಟ ಇಂಥ ದಿನಕ್ಕೆ ಅಷ್ಟೇ. ಬಾಗಿಲು ಹಾಕಿಕೊಳ್ಳುವ ಒಂದು ರೂಮು ಇದೆ. ಮಧ್ಯೆ ಸಿಲಿಂಡರ್ ಬಂತು, ಕೊರಿಯರ್ ಬಂತು ಅಂದರೆ ನಾನು ಏಳಲ್ಲ, ಮಾವ ಏಳ್ತಾರೆ. ಇಷ್ಟು ಇದ್ದರೆ ಆಗುತ್ತೆ. ಡೈನಿಂಗ್ ಟೇಬಲ್ ಮೇಲೆ ಕೂತು ಜಿಎಸ್‌ಟಿ ಮಾಡೋಕೆ ಆಗುತ್ತಾ, ಅದು ನನಗೆ ಗೊತ್ತಿಲ್ಲಪ್ಪ.

ನೇರ ಮಾತು 71

ಇಷ್ಟೆಲ್ಲ ಒದ್ದಾಟ ಯಾಕೆ, ಮಗು ದೊಡ್ಡದಾಗುವವರೆಗೆ ಸುಮ್ನೆ ಕೆಲಸ ಬಿಡಿ. ನಮ್ಮ ಕಾಲದಲ್ಲಿ ಹೀಗೆಲ್ಲ ಇರಲಿಲ್ಲ.

ಮೈಸೂರು ಮಂಜಿ

ನಿಮ್ಮ ಕಾಲದಲ್ಲಿ ಇಎಂಐಯೂ ಇರಲಿಲ್ಲ ಸಾರ್.

ಚಲನ್ ಚಂದ್ರು

ಸಂಬಳದ ಕಡೆ ಯಾರೂ ಕೈ ಹಾಕಿಲ್ಲ, ನಾನು ಹಾಕ್ತೀನಿ. ಪಿಎಫ್, ಇಎಸ್‌ಐ (ಕಡಿಮೆ ಸಂಬಳದವರ ಸರ್ಕಾರಿ ಆರೋಗ್ಯ ವಿಮೆ) ನೋಡಿಕೊಳ್ಳೋದೇ ನನ್ನ ಕೆಲಸ. ಪಾರ್ಟ್ ಟೈಮ್ ಅಂದ ಕೂಡಲೇ ‘ಕನ್ಸಲ್ಟೆಂಟ್ ಮಾಡಿಬಿಡೋಣ, ಕೈಗೆ ಜಾಸ್ತಿ ಬರುತ್ತೆ’ ಅಂತ ಎಚ್‌ಆರ್ ಹೇಳಬಹುದು. ಒಪ್ಪಬೇಡಿ. ಕನ್ಸಲ್ಟೆಂಟ್ ಆದರೆ ಪಿಎಫ್ ಹೋಯ್ತು, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಬರುವ ಹಣ) ನಿಂತುಹೋಯ್ತು, ಸಂಬಳದ ರಜೆ ಹೋಯ್ತು, ಗುಂಪು ಇನ್ಶೂರೆನ್ಸೂ ಹೋಗುತ್ತೆ. ನೌಕರರಾಗಿಯೇ ಇರಿ, ಗಂಟೆ ಮಾತ್ರ ಕಡಿಮೆ ಇರಲಿ. ಪಿಎಫ್ ಕಾನೂನಿನಲ್ಲಿ ಪಾರ್ಟ್ ಟೈಮ್ ಅಂತ ಹೊರಗಿಡುವ ಜಾಗ ಇಲ್ಲ.

ಗ್ರಾಚ್ಯುಟಿ ಇದಕ್ಕಿಂತ ಮುಖ್ಯ. ಅದರ ಲೆಕ್ಕ ಗೊತ್ತಿರಬೇಕು ನಿಮಗೆ: ಕೊನೆಯಲ್ಲಿ ತಗೊಂಡ ತಿಂಗಳ ವೇತನ, ಅಂದರೆ ಮುಖ್ಯವಾಗಿ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ), ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಎಷ್ಟು ವರ್ಷ ಸೇವೆಯೋ ಅಷ್ಟರಿಂದ ಗುಣಿಸಿ. ಇಲ್ಲಿ ‘ಕೊನೆಯಲ್ಲಿ’ ಅನ್ನೋದೇ ಕುತ್ತು. ಉದಾಹರಣೆಗೆ ಬೇಸಿಕ್ 20,000, ಹತ್ತು ವರ್ಷ ಸೇವೆ ಅಂದುಕೊಳ್ಳಿ. ಸುಮಾರು 1,15,000 ಬರಬೇಕು. 60%ಗೆ ಇಳಿದು, ಬೇಸಿಕ್ 12,000 ಇರುವಾಗ ಕೆಲಸ ಬಿಟ್ಟರೆ ಅದೇ ಹತ್ತು ವರ್ಷಕ್ಕೆ 69,000 ಚಿಲ್ಲರೆ. ಪೂರ್ತಿ ದಿನ ದುಡಿದ ಹಳೇ ವರ್ಷಗಳೂ ಕಡಿಮೆ ದರಕ್ಕೆ ಹೋದವು. ಕಾನೂನು ಹೇಳಿದ್ದಕ್ಕಿಂತ ಜಾಸ್ತಿ ಕೊಡೋಕೆ ಕಂಪನಿಗೆ ಯಾವ ಅಡ್ಡಿಯೂ ಇಲ್ಲ. ಹಳೇ ವರ್ಷಗಳಿಗೆ ಹಳೇ ಬೇಸಿಕ್ ಮೇಲೆ ಲೆಕ್ಕ ಅಂತ ಪತ್ರದಲ್ಲೇ ಬರೆಸಿಕೊಳ್ಳಿ. ಈಗ ಮ್ಯಾನೇಜರ್ ಕೆಲಸ ಬಿಡಬೇಡಿ ಅಂತಿದ್ದಾರಲ್ಲ, ಈಗಲೇ ಕೇಳಿ. ನಾಲ್ಕು ವರ್ಷ ಆದ ಮೇಲೆ ಆ ಕುರ್ಚೀಲಿ ಯಾರಿರ್ತಾರೋ.

ಇಎಸ್‌ಐ ಕೂಡ ನೋಡಿಕೊಳ್ಳಿ. ಮಿತಿ 21,000. ತಿಂಗಳಿಗೆ 34,000 ಇದ್ದವರು 60%ಗೆ ಇಳಿದರೆ 20,400, ಆಗ ಇಎಸ್‌ಐ ಒಳಗೆ ಬರ್ತೀರಿ. ನಿಮ್ಮ ಪಾಲು 0.75%, ಅಂದರೆ 153 ರೂಪಾಯಿ. ಅದೇನು ಕೆಟ್ಟದ್ದಲ್ಲ. ಆದರೆ ಇಎಸ್‌ಐ ಬಂತು ಅಂತ ಖಾಸಗಿ ಇನ್ಶೂರೆನ್ಸ್ ತೆಗೆದುಬಿಡುವ ಕಂಪನಿಗಳಿವೆ. ಅತ್ತೆಯವರ ಹೆಸರು ಅದರಲ್ಲಿದ್ದರೆ ಮಂಡಿ ಆಪರೇಷನ್ ಖರ್ಚು ನಿಮ್ಮ ತಲೆ ಮೇಲೆ ಬರಬಹುದು.

ಬನಶಂಕರಿ ಅಕೌಂಟ್ಸ್

ಅತ್ತೆ ಹೆಸರು ಇದೆ! ನಾಳೆಯೇ ಕೇಳ್ತೀನಿ. ನನ್ನ ಸಂಬಳ ಆ ಮಿತಿಗಿಂತ ಮೇಲೇ ಉಳಿಯುತ್ತೆ, ಇಎಸ್‌ಐ ಬರಲ್ಲ. ಗ್ರಾಚ್ಯುಟಿ ವಿಷಯ ಮಾತ್ರ ಹೊಟ್ಟೆ ಉರಿಸಿತು.

ಧಾರವಾಡ ಫೇಡಾ

ರೀ ಅಕ್ಕಾರ, ಗಂಡಸರ ಕಡೆಯಿಂದ ಒಂದು ಮಾತು. ನಾನು ವಾರಕ್ಕೆ ನಾಲ್ಕು ದಿನ ಮಾಡ್ತೇನಿ, 80% ಪಗಾರ, ಬುಧವಾರ ಸೂಟಿ. ಹೆಂಡತಿ ಬ್ಯಾಂಕಿನಲ್ಲಿ ಇದ್ದಾಳೆ, ಅಲ್ಲಿ ಪಾರ್ಟ್ ಟೈಮ್ ಇಲ್ಲ, ಹಂಗಾಗಿ ನಾನೇ ಕಡಿಮೆ ಮಾಡಿಕೊಂಡೆ. ಮೊದಲ ಒಂದೆರಡು ತಿಂಗಳು ಓಣಿಯಾಗ ಎಲ್ಲರೂ ‘ಕೆಲಸ ಹೋಯ್ತೇನಪಾ?’ ಅಂತ ಮೆಲ್ಲಗ ಕೇಳೋರು. ಅದು ಹೋಗಲಿ. ತಮಾಷೆ ಬೇರೆನೇ ಇತ್ತು. ಬುಧವಾರ ಮಕ್ಕಳು ನನ್ನ ಪಾಲಿಗೆ, ಆದರೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ನನ್ನ ನಂಬರೇ ಇಲ್ಲ. ಅದರಾಗ ಬರೇ ತಾಯಂದಿರು. ನಾಳೆ ಹಳದಿ ಅಂಗಿ ಹಾಕಿ ಕಳಿಸಿ, ನಾಳೆ ಒಂದು ಎಲೆ, ಒಂದು ಹೂವು ತನ್ನಿ ಅಂತ ಮೆಸೇಜು ಬರೋದು ಅವಳಿಗೆ. ಅವಳು ಕೌಂಟರಿನಲ್ಲಿ ರೊಕ್ಕ ಎಣಿಸೋದು ಬಿಟ್ಟು ನನಗೆ ಫೋನ್ ಮಾಡಿ ಹೇಳೋದು. ನನಗೆ ಸೂಟಿ, ಅವಳಿಗೆ ಎರಡು ಡ್ಯೂಟಿ.

ಶಾಲೆಗೆ ಹೋಗಿ ನಂಬರ್ ಸೇರಿಸಿದೆ, ಡಾಕ್ಟರ್ ಕಾರ್ಡು, ವ್ಯಾನ್ ಡ್ರೈವರ್, ಎಲ್ಲಾ ಕಡೆ. ಆಮೇಲೆ ಸರಿ ಹೋತು. ನಿಮ್ಮ ಮನೆಯವರು ಬುಧವಾರ, ಶುಕ್ರವಾರ ಮನೇಲೇ ಇರ್ತಾರಲ್ಲ. ಆ ಎರಡು ದಿನ ನೀವು ಆಫೀಸಿಗೆ ಹೋಗ್ರಿ. 12.30ಕ್ಕೆ ಕೆಳಗೆ ಇಳಿದು ಮಗುನ್ನ ಕರಕೊಂಡು ಬರೋದು ಹದಿನೈದು ನಿಮಿಷದ ಕೆಲಸ, ಅವರ ಊಟದ ಹೊತ್ತೇ ಅದು.

ಸಿಲ್ಕ್ ಬೋರ್ಡ್ ಸಂತ್ರಸ್ತ

ಇದು ಸರಿಯಾದ ಮಾತು. ಮೂರು ಪೂರ್ತಿ ದಿನದಲ್ಲಿ ಎರಡು ಗಂಡನ ತಲೆಗೆ ಹೋದರೆ ಉಳಿಯೋದು ಒಂದೇ ದಿನ. ಒಂದು ದಿನಕ್ಕೆ ಡೇಕೇರೋ, ಪಕ್ಕದ ಮನೆಯವರೋ ಸಿಗ್ತಾರೆ. ಐದು ದಿನಕ್ಕೆ ಯಾರೂ ಸಿಗಲ್ಲ.

ಐಂಡ್‌ಹೋವನ್ ಕುಂದಾಪ್ರ

ನೆದರ್ಲ್ಯಾಂಡ್ಸ್‌ನಿಂದ ಬರೀತಿದ್ದೇನೆ. ಇಲ್ಲಿ ಪಾರ್ಟ್ ಟೈಮ್ ಅಂದರೆ ಯಾರೂ ಹುಬ್ಬು ಏರಿಸಲ್ಲ. ವಾರಕ್ಕೆ 32 ಗಂಟೆ, ಅಂದರೆ ನಾಲ್ಕು ದಿನ, ನಮ್ಮ ಟೀಮಲ್ಲಿ ಬಹಳ ಜನರದ್ದು ಅದೇ. ದಿನಕ್ಕೆ ಒಂಬತ್ತು ಗಂಟೆಯಂತೆ ನಾಲ್ಕು ದಿನ ಮಾಡಿ 36 ತೋರಿಸುವವರೂ ಇದ್ದಾರೆ, ಸಂಬಳ ಅಷ್ಟು ಇಳಿಯಲ್ಲ. ಅಪ್ಪಂದಿರು ವಾರದಲ್ಲಿ ಒಂದು ದಿನ ಮಕ್ಕಳಿಗೆ ಅಂತ ಬಿಟ್ಟುಕೊಳ್ಳುತ್ತಾರೆ, ಅದನ್ನು ಪಾಪಾಡಾಖ್ ಅಂತಾರೆ. ಬಹಳ ಪ್ರೈಮರಿ ಶಾಲೆಗಳು ಬುಧವಾರ ಮಧ್ಯಾಹ್ನವೇ ಮುಚ್ಚುತ್ತವೆ, ಹಾಗಾಗಿ ಬುಧವಾರಕ್ಕೆ ಸ್ಪರ್ಧೆ ಜಾಸ್ತಿ.

ಕಾನೂನು ಇದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಕಂಪನಿ ಅಲ್ಲದಿದ್ದರೆ, 26 ವಾರ ಕೆಲಸ ಮಾಡಿದ ಮೇಲೆ ಗಂಟೆ ಕಡಿಮೆ ಮಾಡಿ ಅಂತ ಲಿಖಿತವಾಗಿ ಕೇಳಬಹುದು, ಬೇಕಾದ ದಿನಕ್ಕೆ ಎರಡು ತಿಂಗಳು ಮುಂಚೆ. ಬೇಡ ಅನ್ನಬೇಕಾದರೆ ಕಂಪನಿ ಗಟ್ಟಿ ಕಾರಣ ಕೊಡಬೇಕು. ಒಂದು ತಿಂಗಳು ಮುಂಚೆ ಉತ್ತರ ಬರದಿದ್ದರೆ ನೀವು ಕೇಳಿದ್ದೇ ಜಾರಿ.

ಆದರೆ ನಮ್ಮಂಥವರಿಗೆ ಒಂದು ತೊಡಕು. ನನ್ನ ಹೆಂಡತಿ ಬಂದಿದ್ದು ಕೆನ್ನಿಸ್‌ಮಿಗ್ರಾಂಟ್, ಅಂದರೆ ಪರಿಣತ ವಿದೇಶಿ ಕೆಲಸಗಾರರ ವೀಸಾದಲ್ಲಿ. ಅದಕ್ಕೆ ತಿಂಗಳ ಸಂಬಳದ ಕೆಳಮಿತಿ ಇದೆ. ಗಂಟೆ ಕಡಿಮೆ ಮಾಡಿಕೊಂಡರೂ ಆ ಮಿತಿ ಕಡಿಮೆ ಆಗಲ್ಲ. ನಾಲ್ಕು ದಿನಕ್ಕೆ ಇಳಿದರೆ ಸಂಬಳ ಮಿತಿಯ ಕೆಳಗೆ ಬೀಳುತ್ತೆ ಅಂತ ಗೊತ್ತಾಗಿ, ಕೊನೆಗೆ ನಾನು ಇಳಿದೆ, ಅವಳು ಐದು ದಿನ ಉಳಿದಳು. ಇಲ್ಲಿರುವ ಕನ್ನಡದವರು ಯಾರಾದರೂ ಓದುತ್ತಿದ್ದರೆ ಪಕ್ಕದ ಡಚ್ಚರನ್ನು ನೋಡಿ ಅರ್ಜಿ ಹಾಕಬೇಡಿ, ಮೊದಲು ಆ ವರ್ಷದ ಮಿತಿ ನೋಡಿ.

ರಾತ್ರಿಪಾಳಿ ಸಿಸ್ಟರ್

ನಮ್ಮಲ್ಲಿ ಆ ಥರ ಕೇಳುವ ಹಕ್ಕು ಇದೆಯಾ ಚಂದ್ರು ಅವರೇ?

ಚಲನ್ ಚಂದ್ರು

ಖಾಸಗಿ ಕೆಲಸದಲ್ಲಿ ಗಂಟೆ ಕಡಿಮೆ ಮಾಡಿ ಅಂತ ಕೇಳಿ ಪಡೆಯುವ ಹಕ್ಕು ಇಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ 26 ವಾರ ರಜೆ ಬಂತು, 50 ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಬಂತು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು. ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡುವ ಅವಕಾಶವೂ ಅದರಲ್ಲೇ ಬಂತು, ಆದರೆ ಇಬ್ಬರೂ ಒಪ್ಪಿದರೆ ಮಾತ್ರ. ಅಂದರೆ ಮ್ಯಾನೇಜರ್ ಮನಸ್ಸು. ಅದಕ್ಕೇ ಪತ್ರ ಪತ್ರ ಅಂತ ಬಡ್ಕೊಳ್ಳೋದು ನಾನು.

ಸಾಗರದ ಟೀಚರ್

ನಾನು ಶಾಲೆ ಬಿಟ್ಟು ಮನೇಲೇ ಟ್ಯೂಷನ್ ಶುರು ಮಾಡಿದವಳು. ಎಲ್ಲರೂ ಹೇಳೋದು ಹೆಂಗಸರಿಗೆ ಇದಕ್ಕಿಂತ ಒಳ್ಳೆ ಪಾರ್ಟ್ ಟೈಮ್ ಇಲ್ಲ ಅಂತ. ಟ್ಯೂಷನ್ ಇರೋದು ಸಂಜೆ 5ರಿಂದ 8. ನನ್ನ ಮಕ್ಕಳು ಮನೆಗೆ ಬರೋದು ಸಂಜೆ 4.30ಕ್ಕೆ. ಊರಿನ ಮಕ್ಕಳಿಗೆಲ್ಲ ಭಿನ್ನರಾಶಿ ಹೇಳಿಕೊಡುವಾಗ ನನ್ನ ಮಗ ಒಳಗೆ ಟಿವಿ ಮುಂದೆ. ಬೆಳಿಗ್ಗೆ 9ರಿಂದ 4ರವರೆಗೆ ನಾನು ಖಾಲಿ, ಆಗ ಮನೇಲಿ ಮಕ್ಕಳೇ ಇಲ್ಲ. ಗಂಟೆ ಲೆಕ್ಕ ಹಾಕಿದರೆ ಮೂರೇ ಗಂಟೆ ಕೆಲಸ. ಆದರೆ ಯಾವ ಮೂರು ಗಂಟೆ ಅಂತ ನೋಡಬೇಕಲ್ವಾ? ಈಗ ಎರಡು ಬ್ಯಾಚ್ ಬೆಳಿಗ್ಗೆ 6.30ಕ್ಕೆ ಹಾಕಿದ್ದೇನೆ, ಎಸ್ಸೆಸ್ಸೆಲ್ಸಿಯವರು ಮಾತ್ರ ಬರ್ತಾರೆ. ದುಡ್ಡು ಕಡಿಮೆ, ಸಂಜೆ ನನ್ನದು.

ಆಡಿಟ್ ಅಕ್ಕ

ಇಷ್ಟು ಹೊತ್ತು ಓದಿದೆ. ಎಲ್ಲರೂ ವಾರದ ಲೆಕ್ಕ ಹಾಕ್ತಿದ್ದೀರಿ. ಪ್ರಶ್ನೆ ಕೇಳಿದವರ ಕೆಲಸ ವಾರದ ಕೆಲಸವೇ ಅಲ್ಲ, ತಿಂಗಳಿನದು. ಟಿಡಿಎಸ್ ಕಟ್ಟೋದು 7ಕ್ಕೆ. ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1 11ಕ್ಕೆ. ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ 20ಕ್ಕೆ. ನೀವು ಸೋಮ, ಬುಧ, ಶುಕ್ರ ಅಂತ ಬರೆದುಕೊಟ್ಟಿದ್ದೀರಿ ಅಂದುಕೊಳ್ಳಿ. 11ನೇ ತಾರೀಖು ಗುರುವಾರ ಬಂತು. ನೀವು ರಜೆ ಅಂತ ಸುಮ್ಮನಿರ್ತೀರಾ? ಇರಲ್ಲ. ಪೋರ್ಟಲ್ ಸುತ್ತುತ್ತಾ ಇರುತ್ತೆ, ಒಟಿಪಿ ಡೈರೆಕ್ಟರ್ ಫೋನಿಗೆ ಹೋಗುತ್ತೆ, ಡೈರೆಕ್ಟರ್ ಫೋನ್ ಎತ್ತಲ್ಲ, ನೀವು ಪುಟಾಣಿಗೆ ಅನ್ನ ತಿನ್ನಿಸುತ್ತಾ ಒಂದು ಕೈಲಿ ಮೆಸೇಜ್ ಹಾಕ್ತಾ ಇರ್ತೀರಿ. ಸಂಬಳ 60%, ಕೆಲಸ 90%. ನಮ್ಮ ಲೈನಲ್ಲಿ ಪಾರ್ಟ್ ಟೈಮ್ ಹೋದವರಲ್ಲಿ ಇದನ್ನೇ ಜಾಸ್ತಿ ನೋಡಿದ್ದೇನೆ.

ಅದಕ್ಕೆ ಗಂಟೆಗಳನ್ನು ತಿಂಗಳಿಗೆ ಒಪ್ಪಿಕೊಳ್ಳಿ. ವಾರಕ್ಕೆ 24 ಅಂದರೆ ತಿಂಗಳಿಗೆ ಹೆಚ್ಚು ಕಡಿಮೆ 104. ಒಂದರಿಂದ 20ನೇ ತಾರೀಖಿನವರೆಗೆ ಜಾಸ್ತಿ, 21ರಿಂದ ತಿಂಗಳ ಕೊನೆಯವರೆಗೆ ವಾರಕ್ಕೆ ಒಂದೇ ದಿನ. ನಿಗದಿ ದಿನಗಳು ಇರಲಿ, ಆದರೆ 7, 11, 20 ರಜೆ ದಿನದಲ್ಲಿ ಬಂದರೆ ಅವತ್ತು ಕೆಲಸ, ಅದರ ಬದಲು ಕೊನೇ ವಾರದಲ್ಲಿ ಒಂದು ದಿನ ವಾಪಸ್ಸು. ಇದನ್ನು ಮೊದಲೇ ಬರೆದರೆ ಒಪ್ಪಂದ. ಬರೆಯದಿದ್ದರೆ ಅದು ಉಪಕಾರ, ಯಾರೂ ಲೆಕ್ಕ ಇಡಲ್ಲ.

ವರ್ಷದ ಕ್ಯಾಲೆಂಡರೂ ನೋಡಿ. ಟ್ಯಾಕ್ಸ್ ಆಡಿಟ್ ವರದಿ ಸೆಪ್ಟೆಂಬರ್ 30, ರಿಟರ್ನ್ ಅಕ್ಟೋಬರ್ 31. ಮಕ್ಕಳಿಗೆ ದಸರಾ ರಜೆ ಅದೇ ಹೊತ್ತಿಗೆ. ಮಾರ್ಚ್ ಮುಗಿಸಿ ಲೆಕ್ಕ ಮುಚ್ಚೋದು, ಮಾರ್ಚ್ ತಿಂಗಳ ಟಿಡಿಎಸ್ ಕಟ್ಟೋಕೆ ಏಪ್ರಿಲ್ 30, ಮಕ್ಕಳಿಗೆ ಬೇಸಿಗೆ ರಜೆ ಅದೇ ಹೊತ್ತಿಗೆ. ನಮ್ಮ ಕೆಲಸ ಏರುವಾಗಲೇ ಶಾಲೆ ಬಾಗಿಲು ಹಾಕುತ್ತೆ. ಯಾವ ವಾರದ ವೇಳಾಪಟ್ಟಿಯೂ ಇದನ್ನು ತೋರಿಸಲ್ಲ.

ಬನಶಂಕರಿ ಅಕೌಂಟ್ಸ್

ಅಕ್ಕಾ, ನೀವು ನಮ್ಮ ಆಫೀಸಲ್ಲೇ ಎಲ್ಲೋ ಕೂತಿದ್ದೀರಾ? ಒಟಿಪಿ ಕಥೆ ಹೋದ ತಿಂಗಳದ್ದೇ.

ಮೈಸೂರು ಮಂಜಿ

ನನ್ನದೊಂದು ಅನುಮಾನ. ತಾರೀಖಿನ ಮೇಲೆ ದಿನ ಬದಲಾಗ್ತಾ ಹೋದರೆ ಡೇಕೇರ್‌ನವರು ಒಪ್ಪಲ್ಲ. ಅವರಿಗೆ ಇಂಥ ದಿನ ಅಂತ ಬೇಕು. ಅತ್ತೆಗೂ ಇವತ್ತು ಸೊಸೆ ಇದ್ದಾಳೋ ಇಲ್ಲವೋ ಅಂತ ಕ್ಯಾಲೆಂಡರ್ ನೋಡೋ ಗೋಳು. ಮಕ್ಕಳಿಗಂತೂ ಬೇಡ ಅದು.

ಆಡಿಟ್ ಅಕ್ಕ

ಒಪ್ಪುತ್ತೇನೆ. ಅದಕ್ಕೇ ನಿಗದಿ ದಿನ ಇಟ್ಟುಕೊಂಡು, ಮೂರು ತಾರೀಖು ಮಾತ್ರ ಹೊರಗೆ ಇಡಿ ಅಂದಿದ್ದು. ಆ ಮೂರರಲ್ಲಿ ಒಂದೆರಡು ಹೆಚ್ಚಿನ ತಿಂಗಳು ನಿಗದಿ ದಿನಕ್ಕೇ ಬೀಳುತ್ತವೆ. ಇನ್ನುಳಿದದ್ದು ಮನೆಯಿಂದ ಮಾಡಲಿ, ಆವತ್ತು ಆಫೀಸಿಗೆ ಹೋಗುವ ಅಗತ್ಯ ಇಲ್ಲ.

ಬನಶಂಕರಿ ಅಕೌಂಟ್ಸ್

ಇವತ್ತು ಮಾತಾಡಿ ಬಂದೆ, ಅದಕ್ಕೆ ಬರೀತಿದ್ದೇನೆ. ಸೋಮ, ಬುಧ, ಶುಕ್ರ ಪೂರ್ತಿ ದಿನ. 7, 11, 20 ಬೇರೆ ದಿನ ಬಂದರೆ ಮನೆಯಿಂದ, ಬದಲಿಗೆ ತಿಂಗಳ ಕೊನೇ ವಾರ ರಜೆ. ಬುಧ, ಶುಕ್ರ ಗಂಡನ ಪಾಲು. ಶಾಲೆಯ ಗುಂಪಿಗೆ ಅವರ ನಂಬರ್ ಸೇರಿಸಿ ಬಂದರು, ಧಾರವಾಡದವರಿಗೆ ಧನ್ಯವಾದ. ಅಲ್ಲಿ ಅವರೊಬ್ಬರೇ ಅಪ್ಪ, ಈಗಲೇ ಕ್ರಾಫ್ಟ್ ಪೇಪರ್ ಬಣ್ಣದ ಬಗ್ಗೆ ಮೂರು ಪ್ರಶ್ನೆ ಕೇಳಿ ಪ್ರಸಿದ್ಧರಾಗಿದ್ದಾರೆ. ಸೋಮವಾರಕ್ಕೆ ಕೆಳಗಿನ ಮನೆಯವರು ಒಪ್ಪಿದ್ದಾರೆ. ಅವರ ಮಗನೂ ಅದೇ ವ್ಯಾನು, ಜೂನ್ ತನಕ ಇಬ್ಬರನ್ನೂ ಇಳಿಸಿಕೊಳ್ತಾರೆ. ಮಂಗಳವಾರ ಅವರ ಮಗನ ಜವಾಬ್ದಾರಿ ನನ್ನದು.

ಇನ್ಶೂರೆನ್ಸಲ್ಲಿ ಅತ್ತೆ ಹೆಸರು ಹಾಗೇ ಇರುತ್ತೆ ಅಂತ ಮೇಲ್ ಬಂತು. ಗ್ರಾಚ್ಯುಟಿಗೆ ಎಚ್‌ಆರ್ ‘ನೋಡೋಣ’ ಅಂದಿದ್ದಾರೆ.

ಚಲನ್ ಚಂದ್ರು

‘ನೋಡೋಣ’ ಅಂದರೆ ಇಲ್ಲ ಅಂತ. ಹೊಸ ಪತ್ರಕ್ಕೆ ಸಹಿ ಹಾಕೋ ಮುಂಚೆ ಇನ್ನೊಮ್ಮೆ ಮೇಲ್ ಹಾಕಿ, ಮ್ಯಾನೇಜರ್‌ಗೂ ಒಂದು ಪ್ರತಿ. ಸಹಿ ಆದ ಮೇಲೆ ಯಾರೂ ನೋಡಲ್ಲ.

ಬನಶಂಕರಿ ಅಕೌಂಟ್ಸ್

ಸರಿ, ಸಹಿ ಹಾಕಿಲ್ಲ ಇನ್ನೂ. ಏಪ್ರಿಲ್ ಒಂದು ಬಗೆಹರಿದಿಲ್ಲ. ಕೆಳಗಿನ ಮನೆಯವರು ರಜೆಯಲ್ಲಿ ಊರಿಗೆ ಹೋಗ್ತಾರೆ. ಬನಶಂಕರಿ, ಪದ್ಮನಾಭನಗರ ಕಡೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಇರುವ, ಮಧ್ಯಾಹ್ನ ಊಟ ಕೊಡುವ ಬೇಸಿಗೆ ಶಿಬಿರ ಯಾವುದಾದರೂ ಗೊತ್ತಾ? 12ಕ್ಕೆ ಮುಗಿಯುವವು ಬೇಡ.

ಸಿಲ್ಕ್ ಬೋರ್ಡ್ ಸಂತ್ರಸ್ತ

ಪದ್ಮನಾಭನಗರದಲ್ಲಿ ಒಂದು ಇದೆ, ನನ್ನ ಅಕ್ಕನ ಮಗಳು ಹೋಗಿದ್ದಳು. ಮೆಸೇಜ್ ಮಾಡ್ತೀನಿ. ಆದರೆ ಜನವರಿಯಲ್ಲೇ ಹೆಸರು ಕೊಡಿ, ಮಾರ್ಚ್‌ಗೆ ಹೋದರೆ ಮಧ್ಯಾಹ್ನದ ಬ್ಯಾಚ್ ತುಂಬಿರುತ್ತೆ.